ಹನ್ನೆರಡು ಮಕ್ಕಳಲ್ಲಿ ಓದಿದವರು

ಆಕೆ ಹೇಡಿ. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಹುರುಳಿಲ್ಲ. ಕೆಟ್ಟವರಲ್ಲ, ಸೋಮಾರಿಯಲ್ಲ, ಕೈಯೂ ಶುದ್ಧ, ಬಾಯಿಯೂ ಶುದ್ಧ. ಆದರೆ ಮೂವತ್ತೊಂದು ವರ್ಷದ ನೌಕರಿಯಲ್ಲಿ, ಮೊದಲ ವರ್ಷವೊಂದನ್ನು ಬಿಟ್ಟರೆ, ಮೇಲಿನವರ ಮುಖ ನೋಡಿ ‘ಇಲ್ಲ’ ಎಂದವರಲ್ಲ. ಯಾರು ಏನು ಹೇಳಿದರೂ ಆಕೆಯ ಬಾಯಿಂದ ಬರುತ್ತಿದ್ದುದು ‘ಆಗಲಿ ಸರ್’, ‘ಆಗಲಿ ಮೇಡಂ’. ಮಕ್ಕಳು ಇಂಥದ್ದನ್ನು ಗಮನಿಸದೆ ಬಿಟ್ಟಾರೆಯೇ? ಆಕೆ ಮುಖ್ಯೋಪಾಧ್ಯಾಯಿನಿಯಾಗಿ ಆ ಶಾಲೆಗೆ ಬಂದ ಎರಡನೇ ತಿಂಗಳಿಗೇ ‘ಆಗಲಿ ಮೇಡಂ’ ಎಂಬ ಹೆಸರು ಬಿತ್ತು. ಗೇಟಿನೆದುರಿನ ಪೆನ್ಸಿಲ್ ಅಂಗಡಿಯವನಿಗೂ ಆಕೆಯ ನಿಜವಾದ ಹೆಸರು ಗೊತ್ತಿರಲಿಲ್ಲ.

ಆಕೆಯ ಗಂಡ ಬಸ್ ಡಿಪೋದಲ್ಲಿ ಬಸ್ಸು ಬಂದ ವೇಳೆ, ಹೋದ ವೇಳೆ ಬರೆದುಕೊಳ್ಳುವ ಕೆಲಸದಲ್ಲಿದ್ದು ನಿವೃತ್ತರಾದವರು. ನಾಲಿಗೆ ಸ್ವಲ್ಪ ಚುರುಕು.

“ಹೊರಗೆ ಸಿಕ್ಕವರಿಗೆಲ್ಲ ‘ಆಗಲಿ’ ಹಂಚ್ಕೊಂಡು ಬರ್ತಾಳೆ,” ಎನ್ನುತ್ತಿದ್ದರು. “ಮನೆ ಬಾಗಿಲಿಗೆ ಬರೋ ಹೊತ್ತಿಗೆ ಅದು ಖಾಲಿ. ಉಳಿದಿರೋ ‘ಇಲ್ಲ’ ಅಷ್ಟೂ ನನ್ನ ಪಾಲು.”

ಒಳಗಿನಿಂದ ಅತ್ತೆಯ ಧ್ವನಿ ಕೇಳುತ್ತಿತ್ತು. “ಅವಳು ನಿಂಗೆ ‘ಇಲ್ಲ’ ಅನ್ನದೇ ಇದ್ದಿದ್ರೆ ನೀನು ಈ ಮನೇನೂ ಡಿಪೋ ಮಾಡಿಟ್ಟಿರ್ತಿದ್ದೆ ಕಣೋ.”

ಹೇಡಿತನ ಆಕೆಗೆ ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಇಪ್ಪತ್ತೆಂಟರ ವಯಸ್ಸು. ಮೂರನೇ ತರಗತಿಗೆ ಐದು ತಿಂಗಳಿಂದ ಟೀಚರೇ ಇಲ್ಲವೆಂದು ತನಿಖೆಗೆ ಬಂದ ಅಧಿಕಾರಿಯ ಮುಂದೆ ಹೇಳಿಬಿಟ್ಟರು. ಅಧಿಕಾರಿ ತಲೆಯಾಡಿಸಿ, ಒಳ್ಳೆಯ ಹುಡುಗಿ ಎಂದು ಮೆಚ್ಚಿ ಹೋದರು. ಹದಿನೈದು ದಿನಕ್ಕೆ ವರ್ಗಾವಣೆಯ ಆದೇಶ ಬಂತು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮಡಿಲಲ್ಲಿ ಆರು ತಿಂಗಳ ಕೂಸು. ಮೂರನೇ ತರಗತಿಗೆ ಆಮೇಲೂ ಟೀಚರ್ ಬರಲಿಲ್ಲ. ಅಂದಿನಿಂದ ಆಕೆ ಬಾಯಿಗೆ ಬೀಗ ಹಾಕಿಕೊಂಡರು.

ಮುಖ್ಯೋಪಾಧ್ಯಾಯಿನಿಯಾದ ವರ್ಷವೇ ಶಾಲೆಗೆ ನಾನೂರ ಹನ್ನೆರಡು ಪುಸ್ತಕಗಳು ಬಂದವು. ಜೊತೆಗೆ ಒಂದು ಸುತ್ತೋಲೆ: ಪುಸ್ತಕ ಹರಿದರೆ, ಕಳೆದರೆ, ಅದಕ್ಕೆ ಶಾಲೆಯ ಮುಖ್ಯಸ್ಥರೇ ಹೊಣೆ. ಆಕೆ ಆ ಸುತ್ತೋಲೆಯನ್ನು ಎರಡು ಸಲ ಓದಿ, ಪುಸ್ತಕಗಳನ್ನು ಕಬ್ಬಿಣದ ಬೀರುವಿನಲ್ಲಿ ಜೋಡಿಸಿ, ನುಸಿಗುಳಿಗೆ ಹಾಕಿ, ಬೀಗ ಹಾಕಿದರು. ವರ್ಷಕ್ಕೊಮ್ಮೆ ಎಣಿಕೆಯ ದಿನ ಮಾತ್ರ ಬೀರು ತೆರೆಯುತ್ತಿತ್ತು. ನಾನೂರ ಹನ್ನೆರಡೂ ಇರುತ್ತಿದ್ದವು, ಅಂಚು ಮಾಸದೆ. ‘ಅತ್ಯುತ್ತಮ ನಿರ್ವಹಣೆ’ ಎಂದು ಪರಿಶೀಲಕರು ಬರೆದು ಹೋಗುತ್ತಿದ್ದರು. ಆಕೆಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಓದಿದ ಪುಸ್ತಕ ಹರಿಯುತ್ತದೆ, ಓದದ ಪುಸ್ತಕಕ್ಕೆ ಏನೂ ಆಗುವುದಿಲ್ಲ.

ಆಮೇಲೆ ಮುಖ್ಯಸ್ಥರ ಬಳಗ ಬಂತು. ಸುತ್ತಲಿನ ಒಂಬತ್ತು ಶಾಲೆಗಳ ಮುಖ್ಯಸ್ಥರು ತಿಂಗಳಿಗೊಮ್ಮೆ ಶನಿವಾರ ಒಂದೆಡೆ ಸೇರಬೇಕು, ಒಬ್ಬರಿಗೊಬ್ಬರು ಹೆಗಲು ಕೊಡಬೇಕು, ಮಕ್ಕಳಲ್ಲಿ ಓದುವ ಅಭ್ಯಾಸ ಬೆಳೆಸಬೇಕು ಎಂದು ಶಿಕ್ಷಣ ಕಚೇರಿಯ ಅಪ್ಪಣೆ. ಶಾಲೆಗಳನ್ನು ಎರಡೆರಡಾಗಿ ಜೋಡಿ ಮಾಡಿದ್ದರು. ಉಳಿದ ಒಂಬತ್ತನೆಯದು ಬಳಗದ ಹಿರಿಯರ ಶಾಲೆ, ಅದನ್ನು ಕಚೇರಿಯೇ ನೋಡಿಕೊಳ್ಳುತ್ತಿತ್ತು. ಪ್ರತಿ ಅವಧಿಗೊಮ್ಮೆ ಜೋಡಿಯ ಒಬ್ಬರು ಇನ್ನೊಬ್ಬರ ಶಾಲೆಗೆ ಹೋಗಿ, ಹಾಜರಿ ಪುಸ್ತಕದಿಂದ ಏಳನೇ ತರಗತಿಯ ಹನ್ನೆರಡು ಮಕ್ಕಳನ್ನು ಆರಿಸಿ, ಒಂದು ಪುಟ ಓದಿಸಿ ನೋಡಬೇಕು. ಹಸಿರು ರಟ್ಟಿನ ಭೇಟಿ ಪುಸ್ತಕದಲ್ಲಿ ಒಂದು ಸಾಲು ಇತ್ತು: ‘ಹನ್ನೆರಡು ಮಕ್ಕಳಲ್ಲಿ ಓದಿದವರು’. ಅದರ ಮುಂದೆ ಸಂಖ್ಯೆ, ಕೆಳಗೆ ಭೇಟಿ ಕೊಟ್ಟವರ ಸಹಿ.

ಆರಕ್ಕಿಂತ ಕಡಿಮೆ ಬಂದ ಶಾಲೆಗೆ ಕಚೇರಿ ಆರು ತಿಂಗಳ ಮಟ್ಟಿಗೆ ಓದಿಸುವ ಟೀಚರೊಬ್ಬರನ್ನು ಕಳಿಸುತ್ತದೆ. ಹಿಂದೆಬಿದ್ದ ಮಕ್ಕಳನ್ನು ಮೊದಲ ಅಕ್ಷರದಿಂದ ಹಿಡಿದು ದಡ ಮುಟ್ಟಿಸುವುದೇ ಅವರು ಕಲಿತು ಬಂದ ಕೆಲಸ. ಆದರೆ ಅದರ ಜೊತೆಗೆ ಮುಖ್ಯಸ್ಥರ ಸೇವಾ ಪುಸ್ತಕದಲ್ಲಿ ‘ಓದಿನಲ್ಲಿ ಹಿಂದುಳಿದ ಶಾಲೆ’ ಎಂಬ ಒಂದು ಷರಾವೂ ಬೀಳುತ್ತದೆ. ನಾಲ್ಕು ವರ್ಷಗಳಲ್ಲಿ ಒಂಬತ್ತು ಶಾಲೆಗಳಲ್ಲಿ ಒಂದಕ್ಕಾದರೂ ಆರಕ್ಕಿಂತ ಕಡಿಮೆ ಬರಲಿಲ್ಲ. ಹಾಗಾಗಿ ಓದಿಸುವ ಟೀಚರುಗಳಿಬ್ಬರು ಕಚೇರಿಯಲ್ಲಿ ಕೂತು ಲಕೋಟೆಗಳ ಮೇಲೆ ವಿಳಾಸ ಬರೆಯುತ್ತಿದ್ದರು.

ಇದರ ಗುಟ್ಟು ಸರಳ. ಬಳಗದ ಹಿರಿಯರನ್ನು ಎಲ್ಲರೂ ದೊಡ್ಡಣ್ಣ ಎನ್ನುತ್ತಿದ್ದರು. ಭೇಟಿಗೆ ಹತ್ತು ದಿನ ಮುಂಚೆ ಅವರು ಎಲ್ಲರ ಫೋನಿಗೂ ಒಂದು ಚಿತ್ರ ಕಳಿಸುತ್ತಿದ್ದರು. ಕೆಳಗೆ ಎರಡೇ ಮಾತು: ‘ಈ ಸಲದ ಪುಟ’. ಹತ್ತು ದಿನ ಒಂಬತ್ತೂ ಶಾಲೆಗಳಲ್ಲಿ ಆ ಪುಟದ ಭಜನೆ ನಡೆಯುತ್ತಿತ್ತು. ಇದಕ್ಕೆ ಬಳಗದಲ್ಲಿ ‘ಸಹಕಾರ’ ಎನ್ನುತ್ತಿದ್ದರು. ಮೋಸವೆಂದು ಯಾರಿಗೂ ಅನಿಸಿರಲಿಲ್ಲ. ದೊಡ್ಡಣ್ಣ ಕೆಟ್ಟವರೂ ಅಲ್ಲ. ಆಕೆಯ ಗಂಡನಿಗೆ ಆಪರೇಷನ್ ಆದಾಗ ತಮ್ಮ ಶಾಲೆಯ ಇಬ್ಬರು ಟೀಚರುಗಳನ್ನು ಮೂರು ವಾರ ಕಳಿಸಿ ಆಕೆಯ ತರಗತಿಗಳನ್ನು ನಡೆಸಿಕೊಟ್ಟವರು, ದಿನಾ ಸಂಜೆ ಫೋನ್ ಮಾಡಿ ವಿಚಾರಿಸಿದವರು. ಆ ಋಣ ಆಕೆಯ ತಲೆಯ ಮೇಲಿತ್ತು.

ಬಳಗದ ಐದನೇ ವರ್ಷ ಆಕೆಯ ಜೋಡಿ ಶಾಲೆಯ ಹಳೆಯ ಮೇಷ್ಟ್ರು ನಿವೃತ್ತರಾಗಿ, ಅವರ ಜಾಗಕ್ಕೆ ಮೂವತ್ತಾರರ ಒಬ್ಬ ಹೆಣ್ಣುಮಗಳು ಬಂದರು. ಬಳಗದಲ್ಲಿ ಅವರು ಹೊಸ ಮೇಡಂ. ಮೊದಲ ಭೇಟಿ ಅವರದೇ. ದೊಡ್ಡಣ್ಣನ ಚಿತ್ರ ಅವರಿಗೂ ಹೋಗಿತ್ತು. ಪರೀಕ್ಷೆಗೆ ಈ ಪುಟ ಇಟ್ಟುಕೊಳ್ಳಬೇಕು ಎಂದಷ್ಟೇ ಅವರು ತಿಳಿದುಕೊಂಡರು. ಉಳಿದದ್ದನ್ನು ಯಾರೂ ಬಿಡಿಸಿ ಹೇಳಲಿಲ್ಲ. ಉಸಿರಾಡುವುದನ್ನು ಯಾರು ಬಿಡಿಸಿ ಹೇಳುತ್ತಾರೆ?

ಅಚ್ಚಿನ ಅಕ್ಷರ ಸಣ್ಣದಾಯಿತೆಂದು ಹೊಸ ಮೇಡಂ ಆ ಪುಟವನ್ನು ಒಂದು ಚಾರ್ಟಿನ ಮೇಲೆ ದಪ್ಪಗೆ ಬರೆದು ತಂದಿದ್ದರು. ಗಡಿಯಾರ ರಿಪೇರಿ ಮಾಡುವವನೊಬ್ಬ, ಅವನ ಬೆಕ್ಕು, ಕಳೆದುಹೋದ ಒಂದು ಪುಟ್ಟ ಮೊಳೆ. ಹನ್ನೊಂದು ಸಾಲಿನ ಕತೆ. ಆದರೆ ಚಾರ್ಟು ಸಾಲದೆ ಬಂದು, ನಡುವಿನ ಒಂದು ಸಾಲನ್ನು ಅವರು ಬಿಟ್ಟಿದ್ದರು: ‘ಅಷ್ಟರಲ್ಲಿ ಹೊರಗೆ ಮಳೆ ಧೋ ಎಂದು ಸುರಿಯತೊಡಗಿತು.’ ಅದಿಲ್ಲದೆಯೂ ಕತೆ ಕುಂಟುತ್ತಿರಲಿಲ್ಲ.

ಮೊದಲ ಹುಡುಗ ಎದ್ದು ನಿಂತು ಗಟ್ಟಿಯಾಗಿ ಓದಿದ. ಏಳನೇ ಸಾಲಿಗೆ ಬಂದ. “ಅಷ್ಟರಲ್ಲಿ ಹೊರಗೆ ಮಳೆ ಧೋ ಎಂದು ಸುರಿಯತೊಡಗಿತು,” ಎಂದು ಮುಂದೆ ಹೋದ. ತಾವೇ ಎಲ್ಲೋ ಕಣ್ಣುತಪ್ಪಿದೆವೇನೋ ಎಂದು ಹೊಸ ಮೇಡಂ ಚಾರ್ಟಿನ ಕಡೆ ತಿರುಗಿ ನೋಡಿದರು. ಅಲ್ಲಿ ಮಳೆ ಇರಲಿಲ್ಲ. ಎರಡನೆಯವಳೂ ಮಳೆ ಸುರಿಸಿದಳು. ಮೂರನೆಯವನೂ ಸುರಿಸಿದ. ನಾಲ್ಕನೆಯವನಂತೂ ಕಿಟಕಿಯಾಚೆ ಕಾಗೆಯೊಂದನ್ನು ನೋಡುತ್ತಲೇ ಕತೆಯನ್ನು ಕೊನೆ ಮುಟ್ಟಿಸಿ ಕೂತುಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯಿನಿಗೆ ಮೊದಲ ಮಳೆಗೇ ಎಲ್ಲ ತಿಳಿದುಹೋಗಿತ್ತು. ಹನ್ನೊಂದೂ ಸಾಲು ಆಕೆಗೂ ಬಾಯಿಗೆ ಬರುತ್ತಿದ್ದವು.

ಹೊಸ ಮೇಡಂ ಗದರಲಿಲ್ಲ. ಚಾರ್ಟನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟು, ಚೀಲದಿಂದ ಮಕ್ಕಳ ಕತೆಪುಸ್ತಕವೊಂದನ್ನು ತೆಗೆದು, “ಆ ಕತೆ ಸಾಕು ಮಕ್ಕಳೇ, ನಿಮಗೆ ಬೇಜಾರಾಗಿರ್ಬೇಕು. ಇದನ್ನ ಓದೋಣ ಬನ್ನಿ, ಯಾವ ಪುಟ ಇಷ್ಟಾನೋ ಅದು,” ಎಂದರು. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡರು. ಹನ್ನೆರಡರಲ್ಲಿ ಮೂವರು ಓದಿದರು. ಉಳಿದ ಒಂಬತ್ತು ಮಂದಿ ಪುಟದ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತರು.

ಆ ಒಂಬತ್ತರಲ್ಲಿ ಒಬ್ಬಳು ಮುತ್ತಿನಕ್ಷರದವಳು. ಶಾಲೆಗೆ ಯಾರೇ ಬರಲಿ, ಸ್ವಾಗತದ ಹಲಗೆ ಬರೆಯುತ್ತಿದ್ದವಳು ಅವಳು. ದಿನದ ಸುಭಾಷಿತ ಅವಳ ಕೈಯದು. ಅವಳ ನೋಟ್‌ಪುಸ್ತಕವನ್ನು ಆಕೆ ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದರು. ಭೇಟಿ ಮುಗಿದ ಮೇಲೆ ಆ ಹುಡುಗಿಯನ್ನು ತಮ್ಮ ಕೋಣೆಗೆ ಕರೆಸಿದರು.

“ನಿಜವಾಗ್ಲೂ ಓದೋಕೆ ಬರಲ್ವೇನೇ?”

ಹುಡುಗಿ ಜಡೆಯ ತುದಿ ಹಿಡಿದುಕೊಂಡಳು. “ಇಲ್ಲ ಮೇಡಂ.”

“ಮತ್ತೆ ಇಷ್ಟು ಚೆನ್ನಾಗಿ ಬರೀತೀಯಲ್ಲ?”

“ಅದು ನೋಡ್ಕೊಂಡು ಬರೆಯೋದು ಮೇಡಂ. ಹೂವು ಬರೆದ ಹಾಗೆ.”

“ಯಾವಾಗಿಂದ ಬರಲ್ಲ?”

ಈ ಪ್ರಶ್ನೆ ಹುಡುಗಿಗೆ ಅರ್ಥವಾಗಲಿಲ್ಲ. “ಮೊದಲಿಂದಾನೂ,” ಎಂದಳು. ಆಮೇಲೆ, ತಪ್ಪು ತನ್ನದಲ್ಲವೆಂದು ತಿಳಿಸಲೇನೋ ಎಂಬಂತೆ, “ಯಾರೂ ಕೇಳ್ಲಿಲ್ಲ ಮೇಡಂ,” ಎಂದು ಸೇರಿಸಿದಳು.

ಬರುವ ವರ್ಷ ಅವಳು ದೊಡ್ಡ ಶಾಲೆಗೆ ಹೋಗಬೇಕು. ಅಲ್ಲಿ ಯಾರೂ ಸ್ವಾಗತದ ಹಲಗೆ ಬರೆಸುವುದಿಲ್ಲ.

ಶನಿವಾರ ಬಳಗ ಸೇರಿದ್ದು ದೊಡ್ಡಣ್ಣನ ಶಾಲೆಯ ಚಿತ್ರಕಲೆಯ ಕೋಣೆಯಲ್ಲಿ. ಬಣ್ಣದ ಕಲೆಗಳಿದ್ದ ಉದ್ದ ಮೇಜು, ಸ್ಟೀಲು ಲೋಟಗಳಲ್ಲಿ ಚಹಾ, ಬಿಸ್ಕತ್ತು. ಭೇಟಿಗೆ ಹೋದವರು ಒಬ್ಬೊಬ್ಬರಾಗಿ ತಮ್ಮ ಜೋಡಿ ಶಾಲೆಯ ಸಂಖ್ಯೆ ಹೇಳುತ್ತಾ ಬಂದರು. ಹತ್ತು. ಒಂಬತ್ತು. ಹನ್ನೊಂದು. ಹೊಸ ಮೇಡಂ ಸರದಿ ಬಂತು.

“ಮೂರು,” ಎಂದರು.

ದೊಡ್ಡಣ್ಣ ನಗುತ್ತಲೇ ತಿದ್ದಿದರು. “ಅಂದ್ರೆ ಮೂರು ಮಕ್ಕಳು ಓದ್ಲಿಲ್ಲ ಅಂತ ತಾನೇ, ತಾಯಿ? ಒಂಬತ್ತು ಅಂತ ಬರ್ಕೋತೀನಿ.”

“ಅಲ್ಲ ಸರ್. ಮೂರು ಮಕ್ಕಳು ಓದಿದ್ರು.”

ಹತ್ತಿರದ ಪೇಟೆ ಶಾಲೆಯ ಮೇಷ್ಟ್ರು, “ನಿಮ್ಮ ಕಿವಿ ಒಂದ್ಸಲ ತೋರಿಸ್ಕೊಳ್ಳಿ ಮೇಡಂ,” ಎಂದರು. ಒಂದಿಬ್ಬರು ನಕ್ಕರು.

ಹೊಸ ಮೇಡಂ ಕೆಂಪಾದರು, ಆದರೆ ನಿಲ್ಲಿಸಲಿಲ್ಲ. “ಪೆನ್ಸಿಲ್‌ನಲ್ಲಿ ಬರೆದಿದ್ದೀನಿ, ನಿಮ್ಮನ್ನೆಲ್ಲ ಒಂದು ಮಾತು ಕೇಳೋಣ ಅಂತ. ಮೂರು ಅಂತ ಹೋದ್ರೆ ಓದಿಸೋ ಟೀಚರ್ ಬರ್ತಾರಲ್ವಾ ಸರ್? ನಮ್ಮ ಶಾಲೇಲೂ ಸರಿಯಾಗಿ ನೋಡಿದ್ರೆ ಐದು ದಾಟಲ್ಲ. ಮುಂದಿನ ಸಲ ಮೇಡಂ ಬಂದು ಹಾಗೇ ಬರೀಲಿ. ಇಬ್ಬರೂ ಸೇರಿ ಒಬ್ಬ ಟೀಚರ್‌ನ ಹಂಚ್ಕೋತೀವಿ. ಬಳಗ ಇರೋದು ಅದಕ್ಕೇ ಅಲ್ವಾ?”

ದೊಡ್ಡಣ್ಣ ಬಿಸ್ಕತ್ತನ್ನು ಎರಡು ತುಂಡು ಮಾಡಿದರು. “ಬಳಗ ಇರೋದು ಒಬ್ಬರ ಮಾನ ಇನ್ನೊಬ್ಬರು ಕಾಯೋದಕ್ಕಮ್ಮ,” ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. “ಇವರನ್ನ ನೋಡಿ. ಇನ್ನು ಹದಿನಾಲ್ಕು ತಿಂಗಳಿಗೆ ನಿವೃತ್ತಿ. ಮೂವತ್ತು ವರ್ಷದ ಸೇವಾ ಪುಸ್ತಕದಲ್ಲಿ ಒಂದು ಚುಕ್ಕೆ ಇಲ್ಲ. ಹೋಗೋ ಹೊತ್ತಲ್ಲಿ ಮಸಿ ಬಳಿದು ಕಳಿಸೋಣ್ವಾ?” ಆಮೇಲೆ ಆಕೆಯ ಕಡೆ ತಿರುಗಿ, “ನೀವೇ ಹೇಳಿ ಅಕ್ಕ. ಆವತ್ತು ಮಕ್ಕಳಿಗೆ ಹುಷಾರಿರಲಿಲ್ವೇನೋ? ಜ್ವರ ಗಿರ?”

ಎಲ್ಲರೂ ಆಕೆಯನ್ನು ನೋಡಿದರು. ದೊಡ್ಡಣ್ಣ ಬಾಗಿಲು ತೆರೆದಿಟ್ಟು, ಒಳಗೆ ಬನ್ನಿ ಎಂದು ಕರೆದಂತಿತ್ತು.

“ಕೆಲವರಿಗೆ…” ಎಂದರು ಆಕೆ. “ಸ್ವಲ್ಪ ಕೆಮ್ಮು ಇತ್ತು.”

“ಹಾಂ, ಕೆಮ್ಮು! ಕೆಮ್ಮೋ ಮಕ್ಕಳನ್ನ ಓದಿಸಿದ್ರೆ ಏನು ಬರುತ್ತೆ?” ದೊಡ್ಡಣ್ಣನ ಮುಖ ಅರಳಿತು. “ಗುರುವಾರದೊಳಗೆ ಪುಸ್ತಕ ಕಚೇರಿಗೆ ಹೋಗ್ಬೇಕು. ಅಷ್ಟರಲ್ಲಿ ಸರಿಮಾಡಿ ಬಿಡಿ, ತಾಯಿ. ನಿಮ್ಮ ಕೆಲಸ ಖಾಯಂ ಆಗೋ ಕಾಗದಕ್ಕೂ ಬಳಗದ ಇಬ್ಬರು ಹಿರಿಯರ ಸಹಿ ಬೇಕಲ್ವಾ, ಅದನ್ನೂ ಹಾಗೇ ಮುಗಿಸಿಬಿಡೋಣ.”

ಹೊಸ ಮೇಡಂ ದೊಡ್ಡಣ್ಣನನ್ನು ನೋಡಲಿಲ್ಲ, ಆಕೆಯನ್ನು ನೋಡಿದರು. ಆಕೆ ಲೋಟದ ತಳದಲ್ಲಿ ಉಳಿದಿದ್ದ ಚಹಾದ ಪುಡಿಯನ್ನು ನೋಡುತ್ತಿದ್ದರು.

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತಾ ಆಕೆ ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದರು. ಕೆಮ್ಮಿನ ಮಾತನ್ನೂ ಬಿಡಲಿಲ್ಲ. ಗಂಡ ಈ ಸಲ ತಮಾಷೆ ಮಾಡಲಿಲ್ಲ.

“ಡಿಪೋದಲ್ಲಿ ನಾನೂ ಬರೀತಿದ್ದೆ,” ಎಂದರು. “ಇಪ್ಪತ್ತು ನಿಮಿಷ ತಡವಾಗಿ ಬಂದ ಬಸ್ಸನ್ನ ಹೊತ್ತಿಗೆ ಸರಿಯಾಗಿ ಬಂತು ಅಂತ. ಡ್ರೈವರ್‌ಗೆ ಬೈಗುಳ ತಪ್ಪುತ್ತೆ, ನಂಗೆ ತಲೆನೋವು ತಪ್ಪುತ್ತೆ. ಎಲ್ಲಾ ಡಿಪೋದಲ್ಲೂ ಹಂಗೇ ಬರೀತಿದ್ರು. ಪುಸ್ತಕದ ಪ್ರಕಾರ ಒಂದು ಬಸ್ಸೂ ತಡ ಇಲ್ಲ. ಅದಕ್ಕೇ ಹೊಸ ಬಸ್ಸು ಕೇಳಿದಾಗ ಕೊಡ್ಲಿಲ್ಲ. ನಿಮಗ್ಯಾಕ್ರೀ, ಎಲ್ಲಾ ಸರಿ ಇದೆಯಲ್ಲ, ಅಂದ್ರು.”

“ಹಾಗಾದ್ರೆ ಏನು ಮಾಡ್ಲಿ ಅಂತೀರಿ?”

“ನಾನೇನು ಹೇಳ್ಲಿ? ನಾನು ಬರೆದೋನು.”

“ಹೆಂಡತಿ ಒಂದು ಮಾತು ಕೇಳಿದ್ರೆ ಬಸ್ಸಿನ ಕತೆ ಹೇಳ್ತಾನೆ,” ಎಂದು ಅತ್ತೆ ಗೊಣಗಿದರು. “ಊಟಕ್ಕೆ ಏಳಮ್ಮ. ಮುಖ ಹಿಂಗೆ ಇಳಿದ್ರೆ ಶಾಲೆಗೇನು ಲಾಭ?”

ಆಕೆ ಒಂದು ಉಪಾಯ ಹೂಡಿದರು. ಹೇಡಿಗಳ ಉಪಾಯಗಳು ಸಾಮಾನ್ಯವಾಗಿ ಹೀಗೆಯೇ ಇರುತ್ತವೆ: ಯಾರಿಗೂ ತಿಳಿಯದಂತೆ, ಯಾರನ್ನೂ ಎದುರು ಹಾಕಿಕೊಳ್ಳದೆ, ತಪ್ಪನ್ನು ಒಳಗೊಳಗೇ ತೇಪೆ ಹಾಕುವುದು. ಸಂಖ್ಯೆ ಏನೇ ಇರಲಿ, ಓದಿಸುವ ಕೆಲಸವನ್ನು ತಾವೇ ಮಾಡಿದರಾಯಿತು! ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಮುತ್ತಿನಕ್ಷರದ ಹುಡುಗಿಯನ್ನು ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಎರಡನೇ ತರಗತಿಯ ಪುಸ್ತಕ ತೆರೆದು ಕೂತರು.

ಕೂತ ಮೇಲೆ ತಿಳಿದದ್ದು, ಮುಂದೇನು ಮಾಡಬೇಕೆಂದು ತಮಗೆ ಗೊತ್ತಿಲ್ಲ ಎಂದು. ಮೂವತ್ತೊಂದು ವರ್ಷ ಆಕೆ ಕಲಿಸಿದ್ದು ದೊಡ್ಡ ಮಕ್ಕಳಿಗೆ ಗಣಿತ. ಓದಲು ಬಾರದ ಮಗುವಿಗೆ ಓದು ಎಲ್ಲಿಂದ ಶುರುವಾಗುತ್ತದೆ? “ಇದೇನು ಅಕ್ಷರ?” ಎಂದು ಕೇಳಿದರೆ ಹುಡುಗಿ ಹೇಳುತ್ತಿದ್ದಳು. “ಇದು?” ಅದನ್ನೂ ಹೇಳುತ್ತಿದ್ದಳು. “ಹಾಗಾದ್ರೆ ಎರಡೂ ಸೇರಿ?” ಎಂದರೆ ಆಕೆಯ ತುಟಿಗಳನ್ನೇ ನೋಡುತ್ತಾ ಕಾಯುತ್ತಿದ್ದಳು. ಆಕೆ ತಾಳ್ಮೆಗೆಟ್ಟು ಓದಿ ತೋರಿಸುತ್ತಿದ್ದರು. ಹುಡುಗಿ ತಲೆಯಾಡಿಸುತ್ತಿದ್ದಳು. ಮಂಗಳವಾರವೂ ಹಾಗೇ ಆಯಿತು. ಬುಧವಾರ ಹುಡುಗಿ ನಗುನಗುತ್ತಾ ಬಂದು, ಪುಸ್ತಕ ತೆರೆದು, ಇಡೀ ಪುಟವನ್ನು ಒಂದೂ ಕಡೆ ತಡವರಿಸದೆ ಒಪ್ಪಿಸಿದಳು.

ಆಕೆಗೆ ಒಂದು ಕ್ಷಣ ಜೀವ ಬಂದಂತಾಯಿತು. ಆಮೇಲೆ ಅನುಮಾನ ಬಂದು, ಪುಟದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು, “ಇದೊಂದನ್ನೇ ಓದು,” ಎಂದರು.

ಹುಡುಗಿಯ ನಗು ಆರಿತು. ಪುಟದ ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ, ಬೆರಳು ಮಡಿಸುತ್ತಾ, ಆ ಪದ ಎಷ್ಟನೆಯದೆಂದು ಎಣಿಸತೊಡಗಿದಳು.

“ಸಾಕು ಬಿಡು,” ಎಂದರು ಆಕೆ.

“ತಪ್ಪಾಯ್ತಾ ಮೇಡಂ? ಮನೇಲಿ ಪಕ್ಕದ ಮನೆ ಅಕ್ಕನ ಹತ್ರ ಓದಿಸ್ಕೊಂಡು ಬಾಯಿಪಾಠ ಮಾಡ್ದೆ. ನಿಮಗೆ ಬೇಜಾರಾಗ್ಬಾರ್ದು ಅಂತ.”

“ಇಲ್ಲಮ್ಮ. ತಪ್ಪೇನಿಲ್ಲ. ಹೋಗು, ಊಟ ಮಾಡು.”

ಗುರುವಾರ ಹನ್ನೆರಡೂವರೆಗೆ ಹೊಸ ಮೇಡಂ ಭೇಟಿ ಪುಸ್ತಕ ಹಿಡಿದು ಆಕೆಯ ಕೋಣೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. ಕೆಳಗೆ ಅವರ ಸಹಿ ಇತ್ತು, ಶಾಯಿಯಲ್ಲಿ. ‘ಹನ್ನೆರಡು ಮಕ್ಕಳಲ್ಲಿ ಓದಿದವರು’ ಎಂಬುದರ ಮುಂದೆ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೆಳುವಾಗಿತ್ತು. ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು.

“ಸಂಖ್ಯೆ ನೀವೇ ತುಂಬ್ಕೊಳ್ಳಿ ಮೇಡಂ,” ಎಂದರು. “ಎಷ್ಟು ಬೇಕೋ ಅಷ್ಟು. ನಾನು ಕೇಳಲ್ಲ.”

“ದೊಡ್ಡಣ್ಣ ಫೋನ್ ಮಾಡಿದ್ರಾ?”

“ಎರಡು ಸಲ. ಒಳ್ಳೇ ಮಾತಲ್ಲೇ ಹೇಳಿದ್ರು.” ಹೊಸ ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು. “ಮನೇಲಿ ಎರಡು ಸಣ್ಣ ಮಕ್ಕಳಿವೆ. ಈ ಕೆಲಸ ಖಾಯಂ ಆಗ್ಲಿಲ್ಲ ಅಂದ್ರೆ ಮತ್ತೆ ಮೊದಲಿಂದ ಅಲೀಬೇಕು. ನಂಗೆ ಧೈರ್ಯ ಇದೆ ಅಂದ್ಕೊಂಡಿದ್ದೆ. ಇಲ್ಲ.”

“ಅದಕ್ಕೆ ಯಾಕೆ ಬೇಜಾರು…”

“ಕ್ಷಮಿಸಿಬಿಡಿ ಮೇಡಂ. ಬರೆದಿದ್ದಕ್ಕೂ, ಅಳಿಸಿದ್ದಕ್ಕೂ.”

ಅವರು ಹೊರಟುಹೋದರು. ಚಪ್ಪಲಿಯ ಸದ್ದು ಮೊಗಸಾಲೆಯ ಉದ್ದಕ್ಕೂ ಕೇಳಿಸಿತು.

ಆಕೆಗೆ ಬೇಕಾದದ್ದು ಕೈಗೆ ಬಂದಿತ್ತು. ಎಂಟು ಎಂದು ಬರೆದರೆ ಯಾರ ಹುಬ್ಬೂ ಏರುವುದಿಲ್ಲ. ಒಂಬತ್ತು ಎಂದರೂ ಆದೀತು. ಹದಿನಾಲ್ಕು ತಿಂಗಳು ಕಳೆದರೆ ಒಂದು ಚುಕ್ಕೆಯಿಲ್ಲದ ಸೇವಾ ಪುಸ್ತಕ. ಆಕೆ ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಕೂತರು. ಅರ್ಧ ಗಂಟೆ ಎಂದು ಅಟೆಂಡರ್ ಆಮೇಲೆ ಹೇಳಿದ. ಅವನ ಅರ್ಧ ಗಂಟೆಯನ್ನು ಅಷ್ಟಾಗಿ ನಂಬುವಂತಿಲ್ಲ. ಹೊರಗೆ ಬಿಡುವಿನ ಗಲಾಟೆ ನಡೆದಿತ್ತು. ಯಾರೋ ಮಗು ಗಡಿಯಾರದವನ ಬೆಕ್ಕಿನ ಕತೆಯನ್ನು ರಾಗವಾಗಿ ಹಾಡುತ್ತಾ ಓಡಿಹೋಯಿತು.

ಖಾಲಿ ಜಾಗದಲ್ಲಿ ಆಕೆ ಮೂರು ಎಂದು ಬರೆದರು. ಅಂಕಿಯ 3ನ್ನು 8 ಮಾಡುವುದು ಸುಲಭವೆಂದು ಗಣಿತದ ಟೀಚರಿಗೆ ಯಾರೂ ಹೇಳಬೇಕಿಲ್ಲ. ಪಕ್ಕದಲ್ಲಿ ಅಕ್ಷರದಲ್ಲೂ ಬರೆದರು. ಅಲ್ಲಿಗೆ ಬಿಡಬಹುದಿತ್ತು. ಆದರೆ ಕೆಳಗಿದ್ದ ಸಹಿ ಹೊಸ ಮೇಡಂದು. ಕಚೇರಿಯಲ್ಲಿ, ಬಳಗದಲ್ಲಿ, ಆ ಸಂಖ್ಯೆ ಅವರ ತಲೆಗೇ ಬರುತ್ತದೆ. ಆಕೆ ಪುಟವನ್ನು ಅಡ್ಡಕ್ಕೆ ತಿರುಗಿಸಿ, ಯಾರೂ ಏನೂ ಬರೆಯಬೇಕಿಲ್ಲದ ಅಂಚಿನಲ್ಲಿ, ‘ಮೇಲಿನ ಸಂಖ್ಯೆಯನ್ನು ಬರೆದವಳು ಈ ಶಾಲೆಯ ಮುಖ್ಯೋಪಾಧ್ಯಾಯಿನಿಯಾದ ನಾನು. ಆ ದಿನ ಮಕ್ಕಳಿಗೆ ಕೆಮ್ಮು ಇರಲಿಲ್ಲ. ಓದಿಸುವ ಟೀಚರನ್ನು ಕಳಿಸಬೇಕು,’ ಎಂದು ಬರೆದು ಸಹಿ ಹಾಕಿದರು. ಶಾಲೆಯ ಮೊಹರನ್ನೂ ಒತ್ತಿದರು.

ಅಟೆಂಡರನನ್ನು ಕೂಗಿದರು.

“ಇದನ್ನ ಕಚೇರಿಗೆ ಕೊಟ್ಟು ಬಾ.”

ಅವನು ಹೊರಗಿನ ಬಿಸಿಲು ನೋಡಿದ. “ಊಟ ಆಗ್ಲಿ ಮೇಡಂ. ಸಂಜೆವರೆಗೂ ತಗೋತಾರೆ. ಸ್ವಲ್ಪ ಬಿಸಿಲು ಇಳಿದ ಮೇಲೆ ಸೈಕಲ್ ಹತ್ತಿದ್ರೆ…”

“ಬೇಡಪ್ಪ, ಈಗಲೇ ಹೋಗು.”

“ಅಷ್ಟೇನು ಅವಸರ ಮೇಡಂ?”

“ಸಂಜೆ ಹೊತ್ತಿಗೆ ನಾನೇ ಇದನ್ನ ವಾಪಸ್ ಇಸ್ಕೊಂಡುಬಿಡ್ತೀನಿ,” ಎಂದರು ಆಕೆ. “ಹೊರಡು.”

ಅವನು ಒಂದೂ ತಿಳಿಯದೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸೈಕಲ್ ತೆಗೆದ. ಆಕೆ ಅವನಿಗಿಂತ ಮುಂದೆ ಹೋಗಿ, ಬಿಸಿಲಿನಲ್ಲಿ ನಿಂತು, ಗೇಟನ್ನು ತೆರೆದು ಹಿಡಿದರು.